ಕ್ಲಚ್ ಬಗ್ಗೆ ಮಾತ್ರ

ಜನವರಿ 9

ಅಪ್ಪನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀವು ಹೇಗಿದ್ದೀರಿ ಎಂದು ನನಗೆ, ನಾನು ಹೇಗಿದ್ದೇನೆ ಎಂದು ನಿಮಗೆ ಅಮ್ಮ ವಾರವಾರ ಹೇಳುತ್ತಲೇ ಇರುತ್ತಾಳೆ, ಆ ಮಾತು ಇಲ್ಲಿ ಬೇಡ. ನನಗೆ ಬೇಕಾಗಿರುವುದು ಕ್ಲಚ್ ಬಗ್ಗೆ ಒಂದು ಉತ್ತರ. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅಮ್ಮನ ಕೈಲಿ ಕೇಳಿಸೋಣವೆಂದರೆ ನಾನು ಹೇಳಿದ ಪ್ರೆಶರ್ ಪ್ಲೇಟು ನಿಮ್ಮ ಹತ್ತಿರ ಬರುವಷ್ಟರಲ್ಲಿ ಪ್ರೆಶರ್ ಕುಕ್ಕರ್ ಆಗಿರುತ್ತದೆ. ಅದಕ್ಕೇ ಕಾಗದ.

ನೀವು ಕಟ್ಟಿದ ಕೆಂಪು ಕಾರು ಈಗಲೂ ಹಲ್ಲಿನ ಡಾಕ್ಟರ ಶೆಡ್ಡಿನಲ್ಲೇ ಇದೆ. ನೀವು ಗ್ಯಾರೇಜ್ ಮುಚ್ಚಿ ಕಾರನ್ನು ಅವರಿಗೆ ಕೊಟ್ಟಾಗ ಅದರ ಹಿಂದೆಯೇ ನಾನೂ ಬಂದೆನಲ್ಲ. ಮೂರು ವರ್ಷ ಅದು ಟಾರ್ಪಾಲಿನ ಕೆಳಗೆ ಮಲಗಿತ್ತು, ನಾನು ಅವರ ಬೇರೆ ಕಾರುಗಳಿಗೆ ಸ್ಪ್ಯಾನರ್ ಹಿಡಿದುಕೊಂಡಿದ್ದೆ. ಈ ಸೀಸನ್ನಿಗೆ ಅದನ್ನು ಹೊರಗೆ ತೆಗೆಸಿ, "ಓಡ್ಸು, ನೋಡೋಣ" ಎಂದು ನನ್ನ ಕೈಗೇ ಕೊಟ್ಟರು. ಎರಡು ಗುಡ್ಡದ ರೇಸ್ ಆದವು. ಎರಡರಲ್ಲೂ ಕ್ಲಚ್ ಸುಟ್ಟಿತು.

ಆಗುವುದು ಹೀಗೆ. ಹೊಸ ಪ್ಲೇಟು ಹಾಕಿದ ಮೇಲೆ ಮೊದಲ ನಾಲ್ಕೈದು ಸ್ಟಾರ್ಟು ಬೆಣ್ಣೆಯ ಹಾಗೆ. ಆಮೇಲೆ ಕ್ಲಚ್ ಹಿಡಿಯುವ ಜಾಗ ಮೇಲೆ ಮೇಲೆ ಹೋಗುತ್ತದೆ. ಪೆಡಲನ್ನು ಪೂರ್ತಿ ಬಿಟ್ಟ ಮೇಲೆ ಎಲ್ಲೋ ಹಿಡಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಏಳು ಸಾವಿರಕ್ಕೆ ಜಿಗಿಯುತ್ತದೆ, ಕಾರು ಮಾತ್ರ ನಡೆದು ಹೋಗುವವರ ಜೊತೆ ಹರಟೆ ಹೊಡೆಯುತ್ತಾ ಹೋಗುತ್ತದೆ. ಸುಟ್ಟ ವಾಸನೆ ಹೆಲ್ಮೆಟ್ಟಿನೊಳಗೆ ನುಗ್ಗುತ್ತದೆ.

ಮೊನ್ನೆ ಡಾಕ್ಟರು ಕೂರಿಸಿಕೊಂಡು ಹೇಳಿದರು: "ನೋಡಮ್ಮ, ಎರಡು ಪ್ಲೇಟು ಸುಟ್ಟೆ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾಳೆ ಅಂತ ನಿಮ್ಮಪ್ಪಾನೇ ಹೇಳಿದ್ರಲ್ಲ ಅವತ್ತು. ಇನ್ನೊಂದೇ ಒಂದು ಪ್ಲೇಟಿದೆ. ಅದೂ ಹೋದ್ರೆ ಏಪ್ರಿಲ್‌ನ ಕೊನೇ ರೇಸ್ ಗ್ಲೌಸು ಓಡಿಸ್ತಾನೆ." ಗ್ಲೌಸು ಎಂದರೆ ಬಿಳಿ ಗ್ಲೌಸು ಹಾಕಿಕೊಂಡು ಬರುವ ಅವರ ಇನ್ನೊಬ್ಬ ಡ್ರೈವರ್. ಒಳ್ಳೆಯವನೇ. ಆದರೆ ಆ ಸೀಟು ನನ್ನದು.

ಅಪ್ಪಾ, ನಾಲ್ಕು ವರ್ಷದ ಹಿಂದೆ ಸ್ಟಾರ್ಟ್ ಗೆರೆಯ ಮೇಲೆ ಕಾರು ಹೊಗೆಯಾಡಿ ನಿಂತಾಗ, ನೀವು ಕ್ಲಚ್ ಬಿಚ್ಚಿ, ಕಾವಿಗೆ ನೀಲಿಗಟ್ಟಿದ ಫ್ಲೈವೀಲನ್ನು ಎಲ್ಲರಿಗೂ ತೋರಿಸಿ ಒಂದು ಮಾತು ಹೇಳಿದಿರಿ. ಆ ಮಾತು ನಾನು ಹೋಗುವ ಪ್ರತಿ ಗ್ಯಾರೇಜಿಗೂ ನನಗಿಂತ ಮುಂಚೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ನನ್ನ ಎಡಗಾಲು ಪೆಡಲ್ ಮೇಲೆ ಇರುವುದಿಲ್ಲ. ಅಂದೂ ಇರಲಿಲ್ಲ. ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಆ ಕಾರಿನ ಹೊಟ್ಟೆಯಲ್ಲಿ ಏನಿದೆ ಎಂದು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ? ಕ್ಲಚ್ ಬಗ್ಗೆ ಮಾತ್ರ ಬರೆಯಿರಿ.

ಮಗಳು


ಜನವರಿ 20

ಮಗಳಿಗೆ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಕ್ಲಚ್ ಬಗ್ಗೆ ಮಾತ್ರ ಎಂದಿದ್ದೀಯ. ಒಳ್ಳೆಯದು. ಹಾಗಾದರೆ "ಮೇಲೆ ಮೇಲೆ", "ಎಲ್ಲೋ", "ಬೆಣ್ಣೆ" ಇವನ್ನೆಲ್ಲ ಬಿಡು. ಅಳತೆ ಬರೆ. ಪೆಡಲನ್ನು ಬೆರಳಲ್ಲಿ ಒತ್ತಿದರೆ ಬಿಗಿ ಸಿಗುವ ಮೊದಲು ಎಷ್ಟು ಮಿಲಿಮೀಟರ್ ಆಡುತ್ತದೆ? ಸ್ಕೇಲ್ ಇಟ್ಟು ನೋಡು. ಪ್ಲೇಟಿನ ಮೇಲೆ ಎಣ್ಣೆ ಬಿದ್ದಿದೆಯೇ? ಎಂಜಿನ್ ಕಡೆಯ ಸೀಲ್ ಸೋರಿದರೂ ಕ್ಲಚ್ ಹೀಗೇ ಜಾರುತ್ತದೆ. ಗೇರ್‌ಬಾಕ್ಸ್ ಇಳಿಸಿ ನೋಡು, ಸೋಮಾರಿತನ ಬೇಡ.

ಆಮೇಲೆ ಇದೊಂದು ಮುಖ್ಯ. ಕಾರನ್ನು ಓಡಿಸಿ ಬಿಸಿ ಮಾಡು. ಜಾರಲು ಶುರುವಾದ ತಕ್ಷಣ ನಿಲ್ಲಿಸಿ, ಕೆಳಗಿನ ಕ್ಲಚ್ ಸಿಲಿಂಡರಿನ ಗಾಳಿ ತೆಗೆಯುವ ಸ್ಕ್ರೂ ಬಿಚ್ಚು. ಎಣ್ಣೆ ಚಿಮ್ಮಿದರೆ ಒತ್ತಡ ಪೈಪಿನಲ್ಲೇ ಸಿಕ್ಕಿಕೊಂಡಿದೆ, ತಪ್ಪು ಪೆಡಲಿನ ಕಡೆ. ಚಿಮ್ಮದಿದ್ದರೆ ಕ್ಲಚ್ಚಿನ ಕಡೆ.

ಒಂದು ಸಲಕ್ಕೆ ಒಂದೇ ಕೆಲಸ. ಎರಡು ಒಟ್ಟಿಗೆ ಮಾಡಿ ಸರಿಹೋಯಿತು ಎಂದಿಟ್ಟುಕೋ, ಯಾವುದರಿಂದ ಸರಿಹೋಯಿತು ಎಂದು ನಿಮ್ಮ ತಾತ ಬಂದು ಹೇಳುತ್ತಾರೆಯೇ?

ಸದ್ದುಗಳನ್ನೂ ಬರೆ. ಬಾಯಲ್ಲಿ ಅಣಕಿಸುವ ಹಾಗೆ ಅಕ್ಷರದಲ್ಲಿ ಬರೆ. ಪೆಡಲ್ ಒತ್ತಿದಾಗ ಯಾವುದು, ಬಿಟ್ಟಾಗ ಯಾವುದು, ಎಲ್ಲಾ. ನನ್ನ ಸೆಟ್ಟಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಅದು ನಾನೇ ಕೂತು ಮಾಡಿದ್ದು, ಅಲ್ಲಿ ತಪ್ಪಿರುವುದಿಲ್ಲ.

ಅಪ್ಪ

ಕೆಳಗೆ ಜಾಗ ಇದೆ ಅಂತ ಎರಡು ಸಾಲು ನಾನೂ ಬರೀತಿದೀನಿ ಕಂದಾ. ಈ ಕಾಗದ ಬರೆಯೋಕೆ ನಿಮ್ಮಪ್ಪ ಐದು ಹಾಳೆ ಹರಿದು ಹಾಕಿದ್ರು, ಐದೂ ನನ್ನ ಅಳತೆ ಪುಸ್ತಕದ್ದೇ. ಯಾವುದೋ ಗಿರಾಕಿಯ ತೋಳಿನ ಅಳತೆ ಹೋಯ್ತು, ಈಗ ಅಂದಾಜಲ್ಲಿ ರವಿಕೆ ಹೊಲೀಬೇಕು. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ.


ಫೆಬ್ರವರಿ 2

ಅಪ್ಪನಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಒಂದು ಸಲಕ್ಕೆ ಒಂದೇ. ತಾತನಿಗೆ ತೊಂದರೆ ಕೊಟ್ಟಿಲ್ಲ.

ಪೆಡಲಿನ ಆಟ ಹನ್ನೊಂದು ಮಿಲಿಮೀಟರ್. ಮೂರು ಸಲ ಅಳೆದೆ. ಗೇರ್‌ಬಾಕ್ಸ್ ಇಳಿಸಿದೆ. ಸೀಲ್ ಸೋರಿಲ್ಲ, ಪ್ಲೇಟಿನ ಮೇಲೆ ಹನಿ ಎಣ್ಣೆ ಇಲ್ಲ. ಪ್ಲೇಟಿನ ಮೈ ಗಾಜಿನ ಹಾಗೆ ಹೊಳೆಯುತ್ತಿದೆ, ಫ್ಲೈವೀಲು ನೀಲಿ, ಬೇರಿಂಗ್ ಹೋಗಿ ತಾಕುವ ಪ್ರೆಶರ್ ಪ್ಲೇಟಿನ ಬೆರಳುಗಳ ತುದಿ ಸವೆದು ಹೊಳಪಾಗಿದೆ. ಕಾಲಿಟ್ಟುಕೊಂಡೇ ಓಡಿಸಿದರೆ ಹೇಗಾಗುತ್ತದೋ ಥೇಟ್ ಹಾಗೇ.  ಆ ಬಿಚ್ಚಿದ ಕ್ಲಚ್ ನನ್ನ ಮುಖಕ್ಕೇ ಹೊಡೆದ ಹಾಗೆ ಸುಳ್ಳು ಹೇಳುತ್ತಿತ್ತು.

ಮತ್ತೆ ಎಲ್ಲಾ ಜೋಡಿಸಿ, ಅದೇ ಹಳೆಯ ಪ್ಲೇಟಿನಲ್ಲಿ ಗೋದಾಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಓಡಿಸಿ ಬಿಸಿ ಮಾಡಿದೆ. ಜಾರಿತು. ಇಳಿದು, ಮಲಗಿ, ಸ್ಕ್ರೂ ಬಿಚ್ಚಿದೆ. ಎಣ್ಣೆ ಚಿಮ್ಮಲಿಲ್ಲ. ಅಳುವ ಮಗುವಿನ ಮೂಗಿನ ಹಾಗೆ ಒಂದೆರಡು ತೊಟ್ಟು, ಅಷ್ಟೇ. ಅಂದರೆ ಪೆಡಲಿನ ಕಡೆ ತಪ್ಪಿಲ್ಲ.

ಇನ್ನು ಸದ್ದು. ಗೇರ್ ಹಾಕುವಾಗ "ಟಕ್". ಶುದ್ಧವಾಗಿದೆ, "ಕ್ರರ್ರ್" ಇಲ್ಲ. ಪೆಡಲ್ ಪೂರ್ತಿ ಬಿಟ್ಟು, ಕಾಲನ್ನು ಪಕ್ಕಕ್ಕೆ ತೆಗೆದಿಟ್ಟಾಗ "ಸರ್ರ್‌ರ್" ಎಂದು ಸಣ್ಣಗೆ ಒಂದೇ ಸಮನೆ. ಒತ್ತಿದರೆ ಅದೇ ಸದ್ದು ದಪ್ಪಗಾಗಿ "ಸೊರ್ರ್‌ರ್" ಎನ್ನುತ್ತದೆ. ಗೇರ್‌ಬಾಕ್ಸಿನದ್ದು ಇರಬೇಕು ಎಂದುಕೊಂಡಿದ್ದೇನೆ.

ಈ "ಸರ್ರ್" ನಾಲ್ಕು ವರ್ಷದ ಹಿಂದೆಯೂ ಇತ್ತು. ರೇಸಿನ ಹಿಂದಿನ ದಿನ ನಾನು ಹೇಳಿದ್ದೆ. ನೀವು ಬಾನೆಟ್ಟಿನ ಮೇಲೆ ಬಗ್ಗಿ ನಿಂತು, "ಯಾವ ಸದ್ದೂ ಇಲ್ಲ. ಬಾಯ್ಮುಚ್ಕೊಂಡು ಓಡ್ಸು" ಅಂದಿರಿ. ನೀವು ಮರೆತಿರಬಹುದು. ನಾನು ಮರೆತಿಲ್ಲ.

ಮಗಳು


ಫೆಬ್ರವರಿ 11

ಮಗಳಿಗೆ,

ಪೆಡಲಿನ ಹನ್ನೊಂದು ಮಿಲಿಮೀಟರನ್ನು ನಂಬಬೇಡ. ಅದು ಪೆಡಲಿನದೇ ಆಟ. ಕೆಳಗೆ ಹೋಗು. ಸಿಲಿಂಡರಿನ ಕಂಬಿ ಫೋರ್ಕನ್ನು ತಳ್ಳುತ್ತದೆ, ಫೋರ್ಕು ಬೇರಿಂಗನ್ನು. ಆ ಫೋರ್ಕಿಗೆ ಒಂದು ಸ್ಪ್ರಿಂಗ್ ಇದೆಯಲ್ಲ, ಅದನ್ನು ಕಳಚು. ಎಂಜಿನ್ ಆರಿಸಿ, ಫೋರ್ಕನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸು. ಎಷ್ಟು ಆಡುತ್ತದೆ?

ಬೇರೆ ಏನನ್ನೂ ಮುಟ್ಟಬೇಡ. ಬೇಗ ಬರೆ.

ಅಪ್ಪ


ಫೆಬ್ರವರಿ 17

ಅಪ್ಪನಿಗೆ,

ಆಡುವುದಿಲ್ಲ.

ಎಳ್ಳಷ್ಟೂ ಆಡುವುದಿಲ್ಲ. ಮೊದಲು ಸ್ಪ್ರಿಂಗ್ ಸರಿಯಾಗಿ ಕಳಚಿಲ್ಲವೇನೋ ಎಂದುಕೊಂಡೆ. ಕಳಚಿತ್ತು. ಗ್ಲೌಸನ್ನೂ ಕರೆದು, "ಕೈ ಹಾಕಿ ನೋಡು" ಅಂದೆ. ಪಾಪ, ಗ್ಲೌಸು ಬಿಚ್ಚಿಟ್ಟು ಕೈ ಹಾಕಿ ನೋಡಿದ. "ಗೋಡೆಗೆ ಮೊಳೆ ಹೊಡೆದಂಗಿದೆಯಲ್ಲೇ" ಅಂದ. ಬೇರಿಂಗ್ ಬೆರಳುಗಳನ್ನು ಸದಾ ಒತ್ತಿಕೊಂಡೇ ನಿಂತಿದೆ. ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ ಅರ್ಧ ತುಳಿದ ಹಾಗೆಯೇ ಇದೆ. ಆ "ಸರ್ರ್" ಗೇರ್‌ಬಾಕ್ಸಿನದಲ್ಲ, ಬೇರಿಂಗ್ ಬಿಡುವಿಲ್ಲದೆ ತಿರುಗುವ ಸದ್ದು.

ಕಂಬಿ ಉದ್ದವಾಗಿದೆ. ಅದರ ಲಾಕ್ ನಟ್ಟಿನ ಮೇಲೆ ನಿಮ್ಮ ಹಳದಿ ಬಣ್ಣ ಇದೆ.

ನಮ್ಮ ಗ್ಯಾರೇಜಿನ ಕಾನೂನು ನಿಮಗೆ ನಾನು ಹೇಳಬೇಕೇ? ಹಳದಿ ಬಣ್ಣ ಬಿದ್ದ ನಟ್ಟು ಎಂದರೆ ಮೇಸ್ತ್ರಿಯೇ ಕೂತು ಸೆಟ್ ಮಾಡಿದ್ದು, ಉಳಿದವರು ಅದರ ಮೇಲೆ ಸ್ಪ್ಯಾನರಿನ ನೆರಳೂ ಬೀಳಿಸಬಾರದು. ನನಗೆ ಹತ್ತು ವರ್ಷವಿದ್ದಾಗ ಒಂದು ಹಳದಿ ನಟ್ಟನ್ನು ಬರೀ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಕಿವಿ ಹಿಂಡಿದ್ದಿರಿ. ಈ ಸೀಸನ್ನಿನಲ್ಲಿ ಎರಡು ಸಲ ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟು ಹಾಕಿದೆ. ಎರಡು ಸಲವೂ ಸಿಲಿಂಡರನ್ನು ಇಡಿಯಾಗಿ ಬಿಚ್ಚಿ ಪಕ್ಕಕ್ಕೆ ಕಟ್ಟಿ, ಹಾಗೇ ಮತ್ತೆ ಕೂರಿಸಿದೆ. ಆ ನಟ್ಟು ಅಲುಗದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡೆ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಮೊದಲ ದಿನವೇ ಅಳೆದಿರುತ್ತಿದ್ದ. ನಾನು ಮಾತ್ರ ಅಳೆಯಲಿಲ್ಲ.

ಇನ್ನೂ ಮುಟ್ಟಿಲ್ಲ. ನನಗೊಂದು ಯೋಚನೆ ಬಂದಿದೆ, ಅದನ್ನು ನಾನು ಬರೆಯುವುದಿಲ್ಲ. ನೀವು ಬರೆಯಿರಿ.

ಮಗಳು


ಮಾರ್ಚ್ 6

ಕಂದಾ,

ನೀನು ನಿಮ್ಮಪ್ಪನಿಗೆ ಅದೇನು ಬರೆದೆಯೋ ಕಾಣೆ. ಎರಡು ವಾರ ಆಯ್ತು, ಕಾಗದ ಷರ್ಟಿನ ಜೇಬಲ್ಲೇ ಇದೆ. ಷರ್ಟು ಒಗೆಯೋಕೆ ಕೊಟ್ರೆ ಕಾಗದ ಇನ್ನೊಂದು ಷರ್ಟಿನ ಜೇಬಿಗೆ ಹೋಗುತ್ತೆ. ಕೇಳಿದ್ರೆ "ಕ್ಲಚ್ ವಿಷಯ" ಅಂತಾರೆ. ಕ್ಲಚ್ ವಿಷಯಕ್ಕೆ ಮನುಷ್ಯ ಅನ್ನ ಬಿಡ್ತಾನಾ?

ಮೊನ್ನೆ ಮಧ್ಯಾಹ್ನ ಅಂಗಡಿಗೆ ಬಂದ್ರು. ನನ್ನ ಹೊಲಿಗೆ ಮಿಷನ್ನಿಗೆ ಬೆನ್ನು ಹಾಕ್ಕೊಂಡು ಸ್ಟೂಲ್ ಮೇಲೆ ಕೂತು ಕಣ್ಣು ಮುಚ್ಚಿದ್ರು. "ತುಳಿ" ಅಂದ್ರು. ತುಳಿದೆ. "ನಿಲ್ಸು" ಅಂದ್ರು. ನಿಲ್ಲಿಸಿದೆ. "ಈಗ ನಿನ್ನಿಷ್ಟ ಬಂದಾಗ ತುಳಿ, ಇಷ್ಟ ಬಂದಾಗ ನಿಲ್ಸು, ನಾನು ಹೇಳ್ತೀನಿ" ಅಂದ್ರು. ಇದೇನು ಈ ವಯಸ್ಸಲ್ಲಿ ಮಕ್ಕಳಾಟ ಅಂತ ನಗ್ತಾ ನಗ್ತಾ ತುಳಿದೆ. ಮಿಷನ್ನು ಗಡಗಡ ಓಡ್ತಾ ಇದೆ, ಇವರು "ನಿಂತಿದೆ" ಅಂದ್ರು. ನಿಲ್ಲಿಸಿದೆ, ಆಗಲೂ "ನಿಂತಿದೆ" ಅಂದ್ರು. ನನ್ನ ನಗು ಅಲ್ಲೇ ನಿಂತುಹೋಯ್ತು.

ಮೂವತ್ತು ವರ್ಷದಿಂದ ನಾನು ಮಾತಾಡಿದ್ದಕ್ಕೆ ಈ ಮನುಷ್ಯ ಉತ್ತರ ಕೊಡಲ್ಲ ಅಂತ ಜಗಳ ಆಡ್ಕೊಂಡೇ ಬಂದಿದೀನಿ. ಅದಕ್ಕೇ ಈಗೀಗ ನಿಜವಾಗ್ಲೂ ಕೇಳಿಸ್ತಿಲ್ಲ ಅನ್ನೋದು ನನಗೇ ಗೊತ್ತಾಗ್ಲಿಲ್ಲ ನೋಡು. ಟಿ.ವಿ. ಜೋರಾಗಿ ಇಟ್ರೆ ಹಟ ಅಂದ್ಕೊಂಡೆ. ಫೋನ್ ಎತ್ತದಿದ್ರೆ ಸಿಟ್ಟು ಅಂದ್ಕೊಂಡೆ. ಹೆಂಡತಿ ಅಂತ ಪಕ್ಕದಲ್ಲಿ ಇದ್ದು ಏನು ಬಂತು?

ನಿಮ್ಮಿಬ್ಬರ ನಡುವೆ ಏನಿದೆಯೋ ನನಗೆ ಬೇಡ. ಈಗ ಕೂತು ಬರೀತಿದಾರೆ. ಈ ಸಲ ಹಾಳೆ ನಾನೇ ತಂದುಕೊಟ್ಟೆ.

ಅಮ್ಮ


ಮಾರ್ಚ್ 9

ಮಗಳಿಗೆ,

ನಾನು ಕ್ಲಚ್ ಸೆಟ್ ಮಾಡುವ ರೀತಿ ನಿನಗೆ ಗೊತ್ತು. ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ, ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ಬೇರಿಂಗ್ ಬೆರಳಿಗೆ ತಾಕಿ "ಸರ್" ಎನ್ನುವವರೆಗೆ ಕಂಬಿಯನ್ನು ಉದ್ದ ಮಾಡಿ, ಆ ಸದ್ದು ಕೇಳಿದ ಕೂಡಲೇ ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿ ನಟ್ಟು ಬಿಗಿ ಮಾಡುತ್ತಿದ್ದೆ. ಇಪ್ಪತ್ತೈದು ವರ್ಷ ಅಳತೆಪಟ್ಟಿ ಮುಟ್ಟಲಿಲ್ಲ. ಜನ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಗ್ಯಾರೇಜ್ ಮುಚ್ಚುವುದಕ್ಕೆ ಎರಡು ವರ್ಷ ಮುಂಚೆಯೇ ನನ್ನ ಕಿವಿ ಮಂದವಾಗತೊಡಗಿತ್ತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಬೇರಿಂಗ್ ತಾಕಿದಾಗ ನನಗೆ ಕೇಳಿಸುತ್ತಿರಲಿಲ್ಲ. ಇನ್ನೂ ತಾಕಿಲ್ಲ ಎಂದುಕೊಂಡು ತಿರುಗಿಸುತ್ತಲೇ ಹೋಗುತ್ತಿದ್ದೆ. ನನಗೆ ಕೇಳುವ ಹೊತ್ತಿಗೆ ಅದು ಒತ್ತಿಕೊಂಡು ಅರಚುತ್ತಿತ್ತು. ಅಲ್ಲಿಂದ ಒಂದೂವರೆ ಸುತ್ತು ಹಿಂದಕ್ಕೆ ಬಂದರೆ ಏನು ಬಂತು? ಹೊಸ ಪ್ಲೇಟಿಗೆ ಕೂದಲೆಳೆಯಷ್ಟು ಆಟ ಉಳಿಯುತ್ತದೆ. ನಾಲ್ಕು ಸ್ಟಾರ್ಟಿಗೆ ಪ್ಲೇಟು ಸವೆದು ಅದೂ ಹೋಗುತ್ತದೆ. ಆಮೇಲೆ ಜಾರುತ್ತದೆ, ಸುಡುತ್ತದೆ. ಅಂದು ಸುಟ್ಟ ಕ್ಲಚ್ಚನ್ನೂ ನಾನೇ ಹಾಗೆ ಸೆಟ್ ಮಾಡಿದ್ದೆ. ಸುಟ್ಟ ಮೇಲೆ ಹೊಸದು ಹಾಕಿ, ಅದನ್ನೂ ಹಾಗೇ ಸೆಟ್ ಮಾಡಿ, ಬಣ್ಣ ಹಚ್ಚಿ ಡಾಕ್ಟರಿಗೆ ಕೊಟ್ಟೆ.

ನೀನು ಸದ್ದು ಬರುತ್ತಿದೆ ಎಂದದ್ದು ನನಗೆ ನೆನಪಿದೆ. ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದು ಹೇಳುವ ಬದಲು ಸದ್ದೇ ಇಲ್ಲ ಎಂದೆ. ಕಿವಿ ಹೋದ ಕ್ಲಚ್ ಮೇಸ್ತ್ರಿಯ ಹತ್ತಿರ ಯಾರು ಕಾರು ತರುತ್ತಾರೆ ಎಂಬ ಭಯ. ಮಾರನೇ ದಿನ ಫ್ಲೈವೀಲು ನೋಡಿದಾಗ, ಕಾಲಿಟ್ಟುಕೊಂಡು ಓಡಿಸಿದ್ದಾಳೆ ಎಂದು ನಿಜಕ್ಕೂ ನಂಬಿದೆ. ಅಷ್ಟೂ ನಿಜ. ಆದರೆ ನಂಬುವುದು ನನಗೆ ಸುಲಭವಾಗಿತ್ತು ಎಂಬುದೂ ನಿಜ. ಹನ್ನೊಂದು ಜನರ ಮುಂದೆ ನಿನ್ನ ತಲೆ ತಗ್ಗಿಸಿದೆ. ನನಗೆ ನಾಚಿಕೆಯಾಗುತ್ತಿದೆ ಮಗಳೇ. 

ಫೋನ್ ಎತ್ತಿ, ಏನೂ ಕೇಳಿಸದೆ "ಹ್ಞಾಂ ಹ್ಞಾಂ" ಎಂದು ನಿನ್ನೊಡನೆ ನಾಟಕವಾಡಲು ಮನಸ್ಸಾಗಲಿಲ್ಲ. ಅದಕ್ಕೇ ಎತ್ತಲಿಲ್ಲ.

ಈಗ ಕೆಲಸ. ಬಣ್ಣ ಒಡೆ. ನಟ್ಟು ಸಡಿಲಿಸಿ ಕಂಬಿಯನ್ನು ಗಿಡ್ಡ ಮಾಡು. ಫೋರ್ಕಿನ ತುದಿಯಲ್ಲಿ ಎರಡು ಮಿಲಿಮೀಟರ್ ಆಟ ಇರಲಿ. ಅಳತೆ ಮಾಡು. ಹೊಸ ಪ್ಲೇಟು ಹಾಕಿದ ಮೇಲೆ ಐದು ಸ್ಟಾರ್ಟಿಗೊಮ್ಮೆ ಮತ್ತೆ ಅಳೆ. ಫ್ಲೈವೀಲಿನ ನೀಲಿ ಹೋಗುವ ತನಕ ಲೇತಿನಲ್ಲಿ ತೆಳ್ಳಗೆ ಹೊಡೆಸು. ಡಾಕ್ಟರಿಗೂ ಬೇರೆ ಕಾಗದ ಬರೆದಿದ್ದೇನೆ, ಎಲ್ಲಾ ಹೇಳಿದ್ದೇನೆ.

ಅಪ್ಪ


ಮಾರ್ಚ್ 21

ಅಪ್ಪನಿಗೆ,

ನಿಮ್ಮ ಕಾಗದ ಓದಿ ಮೊದಲು ಶೆಡ್ಡಿನ ಹಿಂದೆ ಹೋಗಿ ಚೆನ್ನಾಗಿ ಅತ್ತೆ. ಆಮೇಲೆ ಸಿಟ್ಟು ಬಂತು. ನಾಲ್ಕು ವರ್ಷ ನಾನು ನನ್ನ ಕಾಲನ್ನೇ ಅನುಮಾನಿಸಿದ್ದೇನೆ ಅಪ್ಪಾ. ಬಸ್ಸಿನಲ್ಲಿ ಕೂತಿರುವಾಗಲೂ ಎಡಗಾಲು ಎಲ್ಲಿದೆ ಎಂದು ಬಗ್ಗಿ ನೋಡಿಕೊಂಡಿದ್ದೇನೆ. ಅದನ್ನು ನಿಮಗೆ ಹೇಳದೆ ಇರಲಾರೆ.

ಬಣ್ಣ ಒಡೆದೆ. ಸ್ಪ್ಯಾನರ್ ಇಟ್ಟಾಗ ನೀವು ಹಿಂದೆಯೇ ನಿಂತು ಗದರುತ್ತೀರೇನೋ ಎಂದು ಒಂದು ಸಲ ತಿರುಗಿ ನೋಡಿದ್ದೂ ಉಂಟು. ಕಂಬಿ ಗಿಡ್ಡ ಮಾಡಿ, ಎರಡು ಮಿಲಿಮೀಟರ್ ಆಟ ಬಿಟ್ಟೆ. ಎಂಜಿನ್ ಚಾಲೂ ಮಾಡಿ ಕಾಲು ತೆಗೆದೆ. ಆ ಸದ್ದು ಇಲ್ಲ.

ಡಾಕ್ಟರು ನಿಮ್ಮ ಕಾಗದ ಓದಿ ಮಡಿಸಿ ಕೊಟ್ಟರು. "ಒಳ್ಳೆ ಅಪ್ಪ ಕಣಮ್ಮ. ಮಗಳ ಸೀಟು ಉಳಿಸೋಕೆ ತನ್ನ ಕಿವೀನೇ ಕಿವುಡು ಮಾಡ್ಕೊಂಡಿದಾರೆ" ಅಂದರು. ನಗುತ್ತಲೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಅಂದು ನೀವು ಹೇಳಿದ್ದನ್ನು ಒಂದೇ ಏಟಿಗೆ ನಂಬಿದವರು ಇಂದು ಬರೆದದ್ದನ್ನು ನಂಬುವುದಿಲ್ಲವಂತೆ.

ವಾದ ಮಾಡಲಿಲ್ಲ. "ಭಾನುವಾರ ಬೆಳಿಗ್ಗೆ ಗೋದಾಮಿನ ರಸ್ತೆಗೆ ಬನ್ನಿ. ಒಂದರ ಹಿಂದೆ ಒಂದು ಹತ್ತು ರೇಸ್ ಸ್ಟಾರ್ಟು ಮಾಡ್ತೀನಿ, ನೀವೇ ವಾಚ್ ಹಿಡಿದು ಕೂತ್ಕೊಳಿ. ಜಾರಿದ್ರೆ ಗ್ಲೌಸಿಗೆ ಸೀಟು ಕೊಡಿ, ನಾನು ತುಟಿಪಿಟಕ್ ಅನ್ನಲ್ಲ" ಅಂದೆ. ಇರುವುದು ಕೊನೆಯ ಪ್ಲೇಟು. ಅದನ್ನೇ ಹಾಕಿದ್ದೇನೆ.

ಮಗಳು


ಏಪ್ರಿಲ್ 1

ಅಪ್ಪನಿಗೆ,

ಹತ್ತೂ ಆಯಿತು. ಹನ್ನೊಂದನೆಯದನ್ನು ನನ್ನ ಖುಷಿಗೆ ಮಾಡಿದೆ. ಮೊದಲನೆಯದಕ್ಕೂ ಹತ್ತನೆಯದಕ್ಕೂ ವಾಚಿನಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬಹುದು. ಐದರ ಮೇಲೆ ಅಳೆದೆ, ಆಟ ಒಂದೂಮುಕ್ಕಾಲು. ಹತ್ತರ ಮೇಲೂ ಅಷ್ಟೇ. ವಾಸನೆಯಿಲ್ಲ. ಹಿಡಿಯುವ ಜಾಗ ಒಂದು ಚೂರೂ ಕದಲಲಿಲ್ಲ.

ಡಾಕ್ಟರು ಸೀಟು ನನಗೇ ಎಂದರು. ಆಮೇಲೆ ಬೆನ್ನು ತಟ್ಟಿ ಏನೆಂದರು ಗೊತ್ತೇ? "ನೋಡಿದ್ಯಾ? ಕಾಲು ಸರಿಯಾಗಿ ಇಟ್ಕೊಂಡ್ರೆ ಎಷ್ಟು ಚೆನ್ನಾಗಿ ಓಡುತ್ತೆ!"

ಅಪ್ಪಾ, ಆ ಕ್ಷಣ ಅವರ ಹಲ್ಲುಗಳನ್ನೆಲ್ಲ ಲೆಕ್ಕ ಹಾಕಿ ಕೈಗೆ ಕೊಡೋಣ ಅನ್ನಿಸಿತು. ಸೀಟು ಸಿಕ್ಕಿತು, ಹೆಸರು ಸಿಗಲಿಲ್ಲ. ಗೆದ್ದರೂ ಈಗ ಸುಧಾರಿಸಿಕೊಂಡಳು ಎನ್ನುತ್ತಾರೆ. ಇರಲಿ. ಓಡಿಸುತ್ತೇನೆ. ಹನ್ನೆರಡನೇ ತಾರೀಖು ರೇಸು. ಅಲ್ಲಿಯವರೆಗೆ ನನಗೆ ಬರೆಯಲು ಪುರಸೊತ್ತಿಲ್ಲ.

ಮಗಳು


ಏಪ್ರಿಲ್ 13

ಅಮ್ಮಾ,

ಅಪ್ಪ ಇಲ್ಲಿಗೆ ಬಂದಿದ್ದಾರೆ ಎಂದಷ್ಟೇ ನಿನ್ನೆ ಫೋನಿನಲ್ಲಿ ಹೇಳಿದೆ, ಉಳಿದದ್ದನ್ನು ಬರೆಯುತ್ತಿದ್ದೇನೆ. ಈಗ ನನ್ನ ರೂಮಿನಲ್ಲಿ, ನನ್ನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ತಮ್ಮ ಗೊರಕೆಯೂ ಅವರಿಗೆ ಕೇಳುವುದಿಲ್ಲ, ಪುಣ್ಯವಂತರು. ರೇಸಿನಲ್ಲಿ ನಾನು ಮೂರನೆಯವಳಾದೆ. ಕ್ಲಚ್ ಸುಡಲಿಲ್ಲ.

ನಿನ್ನೆ ಬೆಳಿಗ್ಗೆ ರೇಸಿಗೆ ಮುಂಚೆ, ಗುಡ್ಡದ ಬುಡದಲ್ಲಿ ಕಾರಿನ ಟೈರಿಗೆ ಗಾಳಿ ನೋಡುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಗೇಟಿನಲ್ಲಿ ನಿಂತಿದ್ದಾರೆ. ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲಿ ಒಂದು ಚೀಲ. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಯಾವ ಸ್ಟಾಪ್ ಎಂದು ಕಂಡಕ್ಟರ್ ಕೂಗಿದ್ದು ಕೇಳಿಸದೆ ಎರಡು ಸ್ಟಾಪ್ ಮುಂದೆ ಹೋಗಿ, ಅಲ್ಲಿಂದ ನಡೆದು ಬಂದಿದ್ದರು. ನನ್ನ ಕಡೆ ಒಂದು ಸಲ ನೋಡಿದರು. ನೇರವಾಗಿ ಡಾಕ್ಟರ ಹತ್ತಿರ ಹೋದರು.

ಡಾಕ್ಟರ ಸುತ್ತ ಇದ್ದವರಲ್ಲಿ ಅರ್ಧ ಜನ ಅಂದು ಕ್ಲಚ್ ಬಿಚ್ಚಿದಾಗಲೂ ಇದ್ದವರೇ. ಅಪ್ಪ ಡಾಕ್ಟರಿಗೆ ಗುಟ್ಟಾಗಿ ಒಂದು ಮಾತು ಹೇಳಬೇಕೆಂದು ಬಂದಿದ್ದರು ಅಂತ ಕಾಣುತ್ತದೆ. ಬಾಯಿಯ ಹತ್ತಿರ ಕೈ ಅಡ್ಡ ಇಟ್ಟುಕೊಂಡಿದ್ದರು. ಆದರೆ ತಮ್ಮ ದನಿ ಎಷ್ಟು ಜೋರಿದೆ ಎಂದು ಅವರಿಗೆ ತಿಳಿಯುವುದಿಲ್ಲವಲ್ಲಮ್ಮ. ಗುಟ್ಟು ಹೇಳಲು ಹೋಗಿ ಗುಡ್ಡ ಬಿರಿಯುವ ಹಾಗೆ ಕೂಗಿದರು. "ಡಾಕ್ಟ್ರೇ, ಅವತ್ತು ಕ್ಲಚ್ ಸುಟ್ಟಿದ್ದು ಇವಳ ಕಾಲಿಂದ ಅಲ್ಲ! ನನಗೆ ಕಿವಿ ಕೇಳಲ್ಲ! ಆಗಲೂ ಕೇಳ್ತಿರ್ಲಿಲ್ಲ! ನಾನೇ ತಪ್ಪು ಸೆಟ್ ಮಾಡಿದ್ದೆ! ಮುಚ್ಚಿಟ್ಟೆ!"

ಶೆಡ್ಡುಗಳಲ್ಲಿ ಇದ್ದಬದ್ದವರೆಲ್ಲ ಸ್ಪ್ಯಾನರ್ ಕೆಳಗಿಟ್ಟರು. ಮೈಕ್ ಹಿಡಿದಿದ್ದವನೂ ಬಾಯಿ ಮುಚ್ಚಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಓಡಿಹೋಗಿ ಅವರ ತೋಳು ಹಿಡಿದು, "ಅಪ್ಪಾ, ಮೆಲ್ಲಗೆ, ಎಲ್ಲರಿಗೂ ಕೇಳ್ತಿದೆ" ಎಂದು ಸನ್ನೆ ಮಾಡಿದೆ. ಸುತ್ತ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡಿತು. ಮುಖ ಕೆಂಪಾಯಿತು. ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ ಅಮ್ಮ. ಅಡ್ಡ ಇಟ್ಟ ಕೈಯನ್ನು ಕೆಳಗಿಳಿಸಿ, ಇನ್ನೂ ಜೋರಾಗಿ, ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಸಲ ಹೇಳಿದರು.

ನನಗೆ ಅವರ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳಲಾರೆ. ಇನ್ನೂ ಇದೆ. ಆದರೆ ಆ ತೋಳನ್ನು ಬಿಡಲು ನನಗೆ ಆಗಲಿಲ್ಲ. ನಾಡಿದ್ದು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎಂದು ಹಟ ಮಾಡಿದರೆ ಹೊತ್ತುಕೊಂಡು ಹೋಗುತ್ತೇನೆ, ನೀನು ಚಿಂತೆ ಮಾಡಬೇಡ.

  ಹಲ್ಲಿನ ಡಾಕ್ಟರು ಎಲ್ಲಾ ಕೇಳಿದ ಮೇಲೆ ಅಪ್ಪನ ಮುಖದ ಹತ್ತಿರ ಬಗ್ಗಿ, "ಈಗ ಕ್ಲಚ್ ಸರಿ ಇದೆಯಾ ಮೇಸ್ತ್ರಿ?" ಎಂದು ಕೂಗಿ ಕೇಳಿದರು. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದರು, ಅರ್ಥವಾಯಿತು. "ನನ್ನನ್ಯಾಕೆ ಕೇಳ್ತೀರಿ? ಅಲ್ಲಿ ನಿಂತಿದಾಳಲ್ಲ ಮೇಸ್ತ್ರಿ, ಅವಳನ್ನ ಕೇಳಿ" ಅಂದರು.

ಡಾಕ್ಟರು ನನ್ನ ಕಡೆ ತಿರುಗಿದರು. ಸುತ್ತಲಿದ್ದವರೂ ತಿರುಗಿದರು. "ಏನಮ್ಮಾ?" ಅಂದರು.

"ಸರಿ ಇದೆ" ಅಂದೆ.

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹೆಲ್ಮೆಟ್ ಎತ್ತಿ ನನ್ನ ಕೈಗೆ ಕೊಟ್ಟರು.

ನಿನ್ನ ಮಗಳು